ಬೈಕ್ ಎಂಜಿನ್ ಕಾರಿಗೆ ಗೇರ್ ಲಿವರ್ ಜೋಡಿಸುವ ಕ್ರಮ

ಬೈಕಿನ ಎಂಜಿನ್ ಕೂರಿಸಿ ಸಣ್ಣ ಕಾರು ಕಟ್ಟುವವರು ಚಾಸಿ, ಸ್ಟೀರಿಂಗ್, ಬ್ರೇಕುಗಳ ಲೆಕ್ಕಾಚಾರದಲ್ಲಿ ತಿಂಗಳುಗಟ್ಟಲೆ ಮುಳುಗಿರುತ್ತಾರೆ. ಗೇರ್ ಬದಲಿಸುವ ಜೋಡಣೆಯನ್ನು ಮಾತ್ರ ಕೊನೆಗೆ ಉಳಿಸಿಕೊಂಡು, ಕೈಗೆ ಸಿಕ್ಕಿದ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿ ಮತ್ತು ಒಂದು ಉದ್ದದ ಸರಳಿನಲ್ಲಿ ಮುಗಿಸಿಬಿಡುತ್ತಾರೆ. ಬೈಕಿನಲ್ಲಿ ಕಾಲ ಬೆರಳ ತುದಿಗೆ ಸಿಗುತ್ತಿದ್ದ ಲಿವರ್ ಈಗ ಸೀಟಿನ ಹಿಂದೆ ಎಲ್ಲೋ ಇರುತ್ತದೆ, ಅದನ್ನು ಕೈಯಿಂದ ಆಡಿಸಬೇಕಾಗುತ್ತದೆ, ನಡುವೆ ಒಂದು ಮೀಟರಿಗೂ ಹೆಚ್ಚು ದೂರ ಇರಬಹುದು. ಈ ದೂರವನ್ನು ಸರಿಯಾಗಿ ದಾಟಿಸುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ. ಉದಾಹರಣೆಗೆ, ಪಲ್ಸರ್ 150ರಂತಹ ಎಂಜಿನ್ನನ್ನು ಚಾಲಕನ ಹಿಂದೆ, ಬೈಕಿನಲ್ಲಿದ್ದ ದಿಕ್ಕಿನಲ್ಲಿಯೇ ಕೂರಿಸಿ, ಚೈನಿನಿಂದ ಹಿಂದಿನ ಆಕ್ಸಲ್ ತಿರುಗಿಸುವ ಗಾಡಿಯನ್ನು ಇಟ್ಟುಕೊಂಡಿದ್ದೇನೆ.

ಮೊದಲಿಗೆ ಗೇರ್ ಪೆಟ್ಟಿಗೆಯೊಳಗೆ ಏನಾಗುತ್ತದೆ ಎಂಬುದು ತಿಳಿದಿರಬೇಕು. ಕಾರಿನ ಗೇರ್ ಲಿವರನ್ನು ಒಂದು ಜಾಗಕ್ಕೆ ತಳ್ಳಿದರೆ ಅದು ಅಲ್ಲಿಯೇ ನಿಲ್ಲುತ್ತದೆ. ಬೈಕಿನದು ಹಾಗಲ್ಲ. ಲಿವರ್ ಕೂರುವ ಗೇರ್ ಶಾಫ್ಟನ್ನು ಒಂದು ದಿಕ್ಕಿಗೆ ತಿರುಗಿಸಿದಾಗ ಅದರ ಕೊಕ್ಕೆ ಶಿಫ್ಟ್ ಡ್ರಮ್ ಎಂಬ ಉರುಳೆಯ ಒಂದು ಪಿನ್ನನ್ನು ಹಿಡಿದು ಡ್ರಮ್ಮನ್ನು ಒಂದು ಮನೆ ಮುಂದಕ್ಕೆ ಸರಿಸುತ್ತದೆ. ಡ್ರಮ್ಮಿನ ಮೇಲಿನ ಕಾಲುವೆಗಳು ಫೋರ್ಕುಗಳನ್ನು (ಗೇರುಗಳನ್ನು ಹಿಡಿದಿರುವ ಕವಲುಗಳನ್ನು) ಪಕ್ಕಕ್ಕೆ ಸರಿಸಿ ಗೇರ್ ಹಾಕುತ್ತವೆ. ಲಿವರನ್ನು ಬಿಟ್ಟ ಕೂಡಲೇ ಒಳಗಿನ ಸ್ಪ್ರಿಂಗ್ ಶಾಫ್ಟನ್ನು ನಡುಸ್ಥಾನಕ್ಕೆ ತಂದು ನಿಲ್ಲಿಸುತ್ತದೆ. ಶಾಫ್ಟ್ ಪೂರ್ತಿಯಾಗಿ ನಡುವಿಗೆ ಮರಳಿದಾಗ ಮಾತ್ರ ಕೊಕ್ಕೆ ಮುಂದಿನ ಪಿನ್ನನ್ನು ಹಿಡಿಯಲು ಸಿದ್ಧವಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದ ಮರ್ಮ ಇರುವುದು ಈ ಕೊನೆಯ ಮಾತಿನಲ್ಲಿ. ಹೆಚ್ಚಿನವರು ಜೋಡಣೆಯನ್ನು ತಳ್ಳುವ ಬಲಕ್ಕಾಗಿ ಕಟ್ಟುತ್ತಾರೆ, ಆದರೆ ಅದು ಕೈಕೊಡುವುದು ಮರಳುವಾಗ. ತಳ್ಳಲು ಮನುಷ್ಯನ ತೋಳಿದೆ, ಬೇಕಾದಷ್ಟು ಬಲ ಇದೆ. ಮರಳಿಸಲು ಇರುವುದು ಎಂಜಿನ್ ಒಳಗಿನ ಒಂದು ಸಣ್ಣ ಸ್ಪ್ರಿಂಗ್ ಮಾತ್ರ. ಬೈಕಿನ ಹಗುರ ಲಿವರಿಗೆಂದು ಮಾಡಿದ ಆ ಸ್ಪ್ರಿಂಗಿನ ಮೇಲೆ ನಾವು ಉದ್ದದ ರಾಡ್, ಭಾರದ ಕೈ ಲಿವರ್, ನಾಲ್ಕೈದು ಕೀಲುಗಳ ಘರ್ಷಣೆ ಎಲ್ಲವನ್ನೂ ಹೇರುತ್ತೇವೆ. ಹಾಗಾಗಿ ಮುಂದೆ ಬರುವ ಪ್ರತಿಯೊಂದು ಹಂತದಲ್ಲಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಮರಳುವುದಕ್ಕೆ ಅಡ್ಡಿಯಾಗುತ್ತದೆಯೇ?

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕಟ್ಟಿದ ಗಾಡಿಯನ್ನು ಅನುಮೋದನೆ ಮತ್ತು ನೋಂದಣಿ ಇಲ್ಲದೆ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ನೋಂದಣಿಯಾದ ವಾಹನದ ಮೂಲ ವಿವರಗಳು ಬದಲಾಗುವಂತೆ ಮಾರ್ಪಾಡು ಮಾಡುವುದನ್ನೂ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಗೇರ್ ಇಳಿಸುವ ಸುಖದ ಆಸೆ ಯಾರಿಗೂ ಬರುವುದು ಸಹಜವೇ, ಆದರೆ ಈ ಗಾಡಿಯ ಜಾಗ ಸ್ವಂತ ತೋಟದ ದಾರಿ, ಖಾಸಗಿ ಬಯಲು ಅಥವಾ ವಿದ್ಯಾರ್ಥಿಗಳ ಸ್ಪರ್ಧೆಯ ಅಂಗಳ.

ಮೊದಲು ಅಳತೆ

ಎಂಜಿನ್ ಗಾಡಿಯಲ್ಲಿ ಕೂತ ಮೇಲೆ, ಬೈಕಿನ ಮೂಲ ಗೇರ್ ಲಿವರನ್ನೇ ಶಾಫ್ಟಿಗೆ ಹಾಕಿ ಮೂರು ಸಂಗತಿಗಳನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಶಾಫ್ಟಿನ ನಡುವಿನಿಂದ ಕಾಲಿಡುವ ಗೂಟದವರೆಗಿನ ಉದ್ದ ಮೊದಲನೆಯದು. ಗೇರ್ ಬೀಳುವವರೆಗೆ ಆ ಗೂಟ ಮೇಲಕ್ಕೂ ಕೆಳಕ್ಕೂ ಎಷ್ಟೆಷ್ಟು ಚಲಿಸುತ್ತದೆ ಎಂಬುದು ಎರಡನೆಯದು. ಇದರಿಂದ ಶಾಫ್ಟ್ ತಿರುಗುವ ಕೋನ ಸಿಗುತ್ತದೆ. ಗೂಟಕ್ಕೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದಾಗ ಎಷ್ಟು ಕಿಲೋಗೆ ಗೇರ್ ಬೀಳುತ್ತದೆ ಎಂಬುದು ಮೂರನೆಯದು. ಹೀಗೆ ಅಳೆಯುವಾಗ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಇನ್ನೊಬ್ಬರು ಕೈಯಲ್ಲಿ ತಿರುಗಿಸುತ್ತಿರಬೇಕು, ಏಕೆಂದರೆ ನಿಂತ ಗೇರುಗಳ ಹಲ್ಲುಗಳು ಒಂದಕ್ಕೊಂದು ಎದುರಾಗಿ ನಿಂತು ಗೇರ್ ಬೀಳದೆ ಇರಬಹುದು; ಆಗ ಬಲವಂತ ಮಾಡಿದರೆ ಫೋರ್ಕ್ ಬಾಗುತ್ತದೆ.

ಲೆಕ್ಕದ ಮಾದರಿಗಾಗಿ ಗೂಟದ ಉದ್ದ 120 ಮಿ.ಮೀ., ಬೇಕಾದ ಬಲ 6 ಕಿಲೋ, ಶಾಫ್ಟ್ ತಿರುಗುವುದು ಒಂದು ಬದಿಗೆ 15 ಡಿಗ್ರಿ ಎಂದು ಇಟ್ಟುಕೊಳ್ಳೋಣ. ಶಾಫ್ಟಿಗೆ 50 ಮಿ.ಮೀ. ಉದ್ದದ ಹೊಸ ತೋಳು ಹಾಕಿದರೆ ಅದರ ತುದಿ ಸುಮಾರು 13 ಮಿ.ಮೀ. ಚಲಿಸುತ್ತದೆ, ಮತ್ತು ರಾಡಿನ ಮೇಲೆ ಬೀಳುವ ಬಲ 6 ಅನ್ನು 120ರಿಂದ ಗುಣಿಸಿ 50ರಿಂದ ಭಾಗಿಸಿದಷ್ಟು, ಅಂದರೆ 14.4 ಕಿಲೋ. ಕೈ ಲಿವರಿನಲ್ಲಿ ಕೀಲಿನಿಂದ ರಾಡ್ ಸೇರುವ ತೂತಿಗೆ 40 ಮಿ.ಮೀ., ತುದಿಯಲ್ಲಿ ಕೈ ಹಿಡಿಯುವ ಗುಂಡಿಗೆ 200 ಮಿ.ಮೀ. ಇದ್ದರೆ ಗುಂಡಿಯ ಚಲನೆ 65 ಮಿ.ಮೀ., ಕೈಗೆ ಬರುವ ಬಲ 3 ಕಿಲೋಗೆ ತುಸು ಕಡಿಮೆ. ಇದು ಕೈಗೆ ಹಿತವಾದ ಅಳತೆ. ಗುಂಡಿಯ ಚಲನೆ ಇದರ ಒಂದೂವರೆ ಪಟ್ಟು ದಾಟಿದರೆ ಮೊಣಕೈ ಸೀಟಿಗೋ ಚಾಸಿಯ ಪೈಪಿಗೋ ತಾಗಲು ಶುರುವಾಗುತ್ತದೆ.

ಇಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಉಪಾಯವಿದೆ. ಕೀಲುಗಳೆಲ್ಲ ಸೇರಿ ರಾಡಿನಲ್ಲಿ ಒಂದೂವರೆ ಮಿ.ಮೀ. ಪ್ಲೇ (ಸಡಿಲ) ಇದ್ದರೆ, 13 ಮಿ.ಮೀ. ಚಲನೆಯಲ್ಲಿ ಅದು ನೂರಕ್ಕೆ ಹನ್ನೊಂದು ಪಾಲಿಗೂ ಹೆಚ್ಚು. ಗುಂಡಿಯ ಹತ್ತಿರ ಏಳೂವರೆ ಮಿ.ಮೀ. ಸಡಿಲವಾಗಿ ಕಾಣುತ್ತದೆ. ಶಾಫ್ಟಿನ ತೋಳನ್ನು 80ಕ್ಕೂ ಕೈ ಲಿವರಿನ ತೂತನ್ನು 64ಕ್ಕೂ ಏರಿಸಿದರೆ ಅನುಪಾತ ಹಾಗೆಯೇ ಉಳಿಯುತ್ತದೆ, ಕೈಗೆ ಬರುವ ಬಲವೂ ಅಷ್ಟೇ, ಆದರೆ ರಾಡ್ ಈಗ 20 ಮಿ.ಮೀ.ಗಿಂತ ಹೆಚ್ಚು ಚಲಿಸುವುದರಿಂದ ಅದೇ ಪ್ಲೇ ನೂರಕ್ಕೆ ಏಳಕ್ಕೆ ಇಳಿಯುತ್ತದೆ. ರಾಡಿನ ಮೇಲಿನ ಬಲವೂ 9 ಕಿಲೋಗೆ ತಗ್ಗುತ್ತದೆ. ಜಾಗ ಇದ್ದಲ್ಲಿ ಎರಡೂ ತೋಳುಗಳನ್ನು ಒಟ್ಟಿಗೆ ಉದ್ದ ಮಾಡುವುದೇ ಮೇಲು.

ಯಾವ ಕಡೆಗೆ ಎಳೆದರೆ ಯಾವ ಗೇರ್

ಲಿವರನ್ನು ಹಿಂದಕ್ಕೆ ಎಳೆದರೆ ಗೇರ್ ಏರಬೇಕು, ಮುಂದಕ್ಕೆ ತಳ್ಳಿದರೆ ಇಳಿಯಬೇಕು ಎಂಬುದು ರೇಸ್ ಕಾರುಗಳಲ್ಲಿ ಸಾಮಾನ್ಯವಾಗಿರುವ ಪದ್ಧತಿ. ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ವಾಲುತ್ತದೆ, ಗೇರ್ ಇಳಿಸಬೇಕಾದದ್ದೂ ಆಗಲೇ. ಹಾಗಾಗಿ ಈ ಪದ್ಧತಿ ಮೈಗೆ ಒಗ್ಗುತ್ತದೆ.

ಪಲ್ಸರಿನದು ಒಂದು ಕೆಳಗೆ, ಉಳಿದವು ಮೇಲೆ. ಎಂಜಿನ್ನನ್ನು ಎಡಗಡೆಯಿಂದ ನೋಡಿದರೆ ಗೇರ್ ಏರುವಾಗ ಶಾಫ್ಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ತೋಳನ್ನು ಮೇಲ್ಮುಖವಾಗಿ ಹಾಕಿದರೆ ಏರುಗೇರಿಗೆ ಅದರ ತುದಿ ಹಿಂದಕ್ಕೆ ಹೋಗಬೇಕು. ಆಗ ಕೈ ಲಿವರಿನಲ್ಲಿ ರಾಡನ್ನು ಕೀಲಿನ ಮೇಲ್ಭಾಗಕ್ಕೆ ಸೇರಿಸಬೇಕು. ತೋಳನ್ನು ಕೆಳಮುಖವಾಗಿ ಹಾಕಿದರೆ ರಾಡನ್ನು ಕೀಲಿನ ಕೆಳಭಾಗಕ್ಕೆ ಸೇರಿಸಬೇಕು. ಎರಡರಲ್ಲಿಯೂ ಎಳೆದರೆ ಗೇರ್ ಏರುತ್ತದೆ, ಆದರೆ ವ್ಯತ್ಯಾಸವಿದೆ: ಮೊದಲನೆಯದರಲ್ಲಿ ಏರುಗೇರಿಗೆ ರಾಡ್ ನೂಕಲ್ಪಡುತ್ತದೆ, ಎರಡನೆಯದರಲ್ಲಿ ಎಳೆಯಲ್ಪಡುತ್ತದೆ. ಅಡಿಕೆ ಕೊನೆ ತೆಗೆಯುವ ದೋಟಿಯನ್ನು ಎಳೆದಾಗ ಅದು ನೆಟ್ಟಗೆ ನಿಂತು, ನೂಕಿದಾಗ ನಡುವಿನಲ್ಲಿ ಬಾಗುವಂತೆಯೇ ಉದ್ದದ ರಾಡೂ ವರ್ತಿಸುತ್ತದೆ. ಪುಸ್ತಕದ ಲೆಕ್ಕಕ್ಕೆ ಎರಡನೆಯದೇ ಸರಿ. ಆದರೂ ನಮ್ಮ ತೋಟದ ದಾರಿಗಳಲ್ಲಿ, ಎರಡು ಗಾಲಿ ಜಾಡುಗಳ ನಡುವೆ ದಿಣ್ಣೆಯೆದ್ದು ಕಲ್ಲು ಬೇರುಗಳು ತಲೆ ಎತ್ತಿರುವಲ್ಲಿ, ಕೆಳಮುಖವಾದ ತೋಳು ಮತ್ತು ತಳದಲ್ಲಿ ಓಡುವ ರಾಡ್ ಹೆಚ್ಚು ದಿನ ಬಾಳುವುದಿಲ್ಲ. ಮಲೆನಾಡಿನ ಗಾಡಿಗೆ ನಾನು ಸೂಚಿಸುವುದು ಮೇಲ್ಮುಖ ತೋಳನ್ನೇ. ಬಾಗದಂತೆ ಗಟ್ಟಿ ಸರಳಿನ ಬದಲು ಅರ್ಧ ಅಂಗುಲದ ಟೊಳ್ಳು ಪೈಪ್ ಬಳಸಿದರೆ ತೂಕ ಹೆಚ್ಚದೆ ಬಿಗಿತನ ಬರುತ್ತದೆ.

ಸ್ಪ್ಲೆಂಡರ್ ಎಂಜಿನ್ ಆದರೆ ನಾಲ್ಕೂ ಗೇರ್ ಕೆಳಕ್ಕೇ ಬೀಳುವುದರಿಂದ ದಿಕ್ಕು ತಿರುವುಮುರುವಾಗುತ್ತದೆ. ನಾಲ್ಕು ಗೇರಿನ ಹಳೆಯ ಬುಲೆಟ್ಟಿನಲ್ಲಿ ಶಾಫ್ಟೇ ಬಲಗಡೆ ಇದೆ, ಒಂದು ಮೇಲೆ, ಮೂರು ಕೆಳಗೆ. ಆದುದರಿಂದ ಕಾಗದದ ಮೇಲೆ ದಿಕ್ಕನ್ನು ಬರೆದುಕೊಂಡು, ತಂತಿ ಮತ್ತು ರಟ್ಟಿನ ತುಂಡುಗಳಲ್ಲಿ ಒಮ್ಮೆ ಆಡಿಸಿ ನೋಡಿ, ಆಮೇಲಷ್ಟೇ ವೆಲ್ಡಿಂಗಿಗೆ ಹೋಗುವುದು ಒಳ್ಳೆಯದು.

ರಾಡೋ, ಕೇಬಲ್ಲೋ?

ನೇರವಾಗಿ ದಾರಿ ಸಿಗುವಲ್ಲಿ ರಾಡೇ ಉತ್ತಮ. ಎರಡು ತುದಿಗೂ ರಾಡ್ ಎಂಡ್ ಬೇರಿಂಗ್ (ಒಳಗೆ ಗುಂಡು ತಿರುಗುವ ಕೀಲು) ಹಾಕಿ, ಒಂದು ತುದಿಗೆ ಬಲ ಮರೆ (ಥ್ರೆಡ್), ಇನ್ನೊಂದಕ್ಕೆ ಎಡ ಮರೆ ಕೊಯ್ಯಿಸಿದರೆ ಪೈಪನ್ನು ತಿರುಗಿಸಿದಷ್ಟಕ್ಕೇ ಉದ್ದ ಹೆಚ್ಚುಕಡಿಮೆಯಾಗುತ್ತದೆ, ಬೋಲ್ಟ್ ಬಿಚ್ಚುವ ಕೆಲಸ ಇರುವುದಿಲ್ಲ. ಎಂ8, ಅಂದರೆ 8 ಮಿ.ಮೀ. ಮರೆಯ ಅಳತೆ ಧಾರಾಳವಾಗಿ ಸಾಕು. ಎಂ6 ಕೂಡ ಬಲಕ್ಕೆ ಸಾಲುತ್ತದೆ, ಆದರೆ ಯಾರಾದರೂ ಮೇಲೆ ಕಾಲಿಟ್ಟು ಗಾಡಿ ಹತ್ತಿದರೆ ಬಾಗುತ್ತದೆ. ದಾರಿಯಲ್ಲಿ ಪೆಟ್ರೋಲ್ ಟ್ಯಾಂಕೋ ಸೀಟಿನ ಮೂಲೆಯೋ ಅಡ್ಡ ಬಂದರೆ ರಾಡನ್ನು ಬಗ್ಗಿಸಬಾರದು. ಬಗ್ಗಿದ ರಾಡ್ ಪ್ರತಿ ಸಲವೂ ಸ್ಪ್ರಿಂಗಿನಂತೆ ತುಸು ಹಿಗ್ಗಿ ತುಸು ಕುಗ್ಗಿ ನಮ್ಮ ಚಲನೆಯನ್ನೇ ನುಂಗುತ್ತದೆ. ಅದರ ಬದಲು ನಡುವೆ ಒಂದು ಕೀಲಿಟ್ಟು, ಎರಡು ನೇರ ರಾಡುಗಳನ್ನಾಗಿ ಮಾಡಬೇಕು.

ದಾರಿ ತೀರಾ ಸುತ್ತುಬಳಸಾಗಿದ್ದರೆ ಕಾರುಗಳ ಗೇರ್ ಲಿವರಿನಲ್ಲಿ ಬರುವ, ತಳ್ಳಲೂ ಎಳೆಯಲೂ ಬರುವ ದಪ್ಪ ಕೇಬಲ್ಲನ್ನು ಬಳಸಬಹುದು. ಗುಜರಿ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತದೆ. ಬ್ರೇಕ್ ಅಥವಾ ಕ್ಲಚ್ಚಿನ ಮಾಮೂಲಿ ಕೇಬಲ್ ಎಳೆಯಲು ಮಾತ್ರ ಬರುತ್ತದೆ, ತಳ್ಳಿದರೆ ಮಡಚಿಕೊಳ್ಳುತ್ತದೆ. ಕೇಬಲ್ಲಿನ ಹೊರಕವಚವನ್ನು ಎರಡು ತುದಿಗಳಲ್ಲಿಯೂ ಅಲುಗದ ಬ್ರಾಕೆಟ್ಟಿಗೆ ಬಿಗಿಯಬೇಕು, ತಿರುವುಗಳು ಅಗಲವಾಗಿರಬೇಕು, ಎರಡಕ್ಕಿಂತ ಹೆಚ್ಚಿರಬಾರದು. ಪ್ರತಿ ತಿರುವೂ ಘರ್ಷಣೆಯನ್ನು ಹೆಚ್ಚಿಸುತ್ತದೆ, ಆ ಘರ್ಷಣೆಯನ್ನು ಗೆಲ್ಲಬೇಕಾದದ್ದು ನಮ್ಮ ಕೈಯಲ್ಲ, ಆ ಸಣ್ಣ ಸ್ಪ್ರಿಂಗ್.

ಎಂಜಿನ್ ರಬ್ಬರ್ ಬುಷ್ ಮೇಲೆ ಕೂತಿದ್ದರೆ, ದಾರಿ ನೇರವಿದ್ದರೂ ನನ್ನ ಆಯ್ಕೆ ಕೇಬಲ್. ಆಕ್ಸಿಲರೇಟರ್ ಒತ್ತಿದಾಗ ಚೈನಿನ ಎಳೆತಕ್ಕೆ ಎಂಜಿನ್ ಕೆಲವು ಮಿ.ಮೀ. ಅಲುಗುತ್ತದೆ, ಕೈ ಲಿವರ್ ಚಾಸಿಯಲ್ಲಿ, ತೋಳು ಎಂಜಿನ್ನಿನಲ್ಲಿ ಇರುವುದರಿಂದ ರಾಡ್ ಆ ಅಲುಗಾಟವನ್ನೆಲ್ಲ ಗೇರ್ ಶಾಫ್ಟಿಗೆ ದಾಟಿಸುತ್ತದೆ. ಕೇಬಲ್ಲಿನ ಹಿಂದಿನ ಬ್ರಾಕೆಟ್ಟನ್ನು ಎಂಜಿನ್ನಿಗೇ ಬಿಗಿದರೆ ಈ ತೊಂದರೆ ಬರುವುದಿಲ್ಲ. ಎಂಜಿನ್ ಚಾಸಿಗೆ ನೇರವಾಗಿ ಬೋಲ್ಟ್ ಆಗಿದ್ದರೆ ಚಿಂತೆಯಿಲ್ಲ.

ತೋಳು, ಕೀಲು, ಲಿವರ್

ಶಾಫ್ಟಿನ ಹಲ್ಲುಗಳಿಗೆ ಹೊಂದುವ ತೋಳನ್ನು ಹೊಸದಾಗಿ ಮಾಡಿಸುವ ಗೋಜಿಗೆ ಹೋಗಬೇಕಾಗಿಲ್ಲ. ಅದೇ ಬೈಕಿನ ಹಳೆಯ ಉಕ್ಕಿನ ಗೇರ್ ಲಿವರನ್ನು ತಂದು, ಹಲ್ಲುಗಳಿರುವ ಗುಬುಟನ್ನು ಉಳಿಸಿಕೊಂಡು ಉಳಿದದ್ದನ್ನು ಕತ್ತರಿಸಿ, 6 ಮಿ.ಮೀ. ದಪ್ಪದ ಪಟ್ಟಿಯನ್ನು ಬೆಸೆದರೆ ಆಯಿತು. ಯಮಹಾ ಆರ್15 ಮತ್ತು ಕೆಟಿಎಂ ಡ್ಯೂಕ್‌ಗಳಲ್ಲಿ ಮೂಲದಲ್ಲಿಯೇ ಶಾಫ್ಟಿನ ಮೇಲೊಂದು ಚಿಕ್ಕ ತೋಳು ಮತ್ತು ರಾಡ್ ಇರುವುದರಿಂದ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಬೆಸೆಯುವಾಗ ಗುಬುಟು ಶಾಫ್ಟಿನ ಮೇಲೆ ಇರಲೇಬಾರದು: ಬಿಸಿಗೆ ಆಯಿಲ್ ಸೀಲ್ ಸುಟ್ಟು ಆಯಿಲ್ ಸೋರಲು ಶುರುವಾಗುತ್ತದೆ. ಕೋನ ಗುರುತಿಸಲು ಎರಡು ಚುಕ್ಕೆ ಟ್ಯಾಕ್ (ಚಿಕ್ಕ ಬೆಸುಗೆ) ಹೊಡೆಯುವುದಾದರೂ ಬಿಚ್ಚಿಯೇ ಹೊಡೆಯಬೇಕು. ಬಿಗಿಯುವ ಬೋಲ್ಟ್ ಶಾಫ್ಟಿನ ಸುತ್ತ ಇರುವ ಕಾಲುವೆಯಲ್ಲಿ ಹಾದುಹೋಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಹಾಗೆ ಹೋದರೆ ಬೋಲ್ಟ್ ಸ್ವಲ್ಪ ಸಡಿಲವಾದರೂ ತೋಳು ಕಳಚಿ ಬೀಳುವುದಿಲ್ಲ.

ತೋಳು ಎಂಜಿನ್ ಕೇಸಿಗೆ ಆದಷ್ಟು ಹತ್ತಿರ ಇರಲಿ. ರಾಡ್ ಮತ್ತು ತೋಳು ಒಂದೇ ಸಮತಲದಲ್ಲಿ ಚಲಿಸಲಿ. ಇಲ್ಲದಿದ್ದರೆ ಪ್ರತಿ ಬಾರಿಯೂ ಶಾಫ್ಟಿಗೆ ಪಕ್ಕದ ಒತ್ತಡ ಬಿದ್ದು ಸೀಲ್ ಬೇಗ ಸವೆಯುತ್ತದೆ. ನಡುಸ್ಥಾನದಲ್ಲಿ ನಿಂತಾಗ ರಾಡ್ ಮತ್ತು ತೋಳಿನ ನಡುವೆ, ಹಾಗೆಯೇ ರಾಡ್ ಮತ್ತು ಕೈ ಲಿವರಿನ ನಡುವೆ, 90 ಡಿಗ್ರಿ ಇರಬೇಕು. ಈ ಕೋನ ತಪ್ಪಿದರೆ ಏರುವಾಗ ಒಂದು ಅಳತೆ, ಇಳಿಯುವಾಗ ಇನ್ನೊಂದು ಅಳತೆ ಆಗುತ್ತದೆ.

ಕೈ ಲಿವರಿನ ಕೀಲಿಗೆ ಬ್ರೈಟ್ ಬಾರಿನ (ನುಣುಪಾದ ಉಕ್ಕಿನ ಸರಳಿನ) 12 ಮಿ.ಮೀ. ಪಿನ್, ಅದರ ಮೇಲೆ ಗನ್‌ಮೆಟಲ್ ಬುಷ್ (ಪಿನ್ನಿನ ಮೇಲೆ ತಿರುಗುವ ಲೋಹದ ಕೊಳವೆ) ಸಾಕು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಲೇತ್ ಅಂಗಡಿಯಲ್ಲಿ ಬುಷ್ ಕೊಟ್ಟರೆ ಮೇಸ್ತ್ರಿ ಕೇಳುವ ಮೊದಲ ಮಾತು, "ಎಷ್ಟು ಟೈಟ್ ಬೇಕು ಸಾರ್?" ಎಂದು. "ಪಿನ್ನನ್ನು ನೆಟ್ಟಗೆ ಹಿಡಿದರೆ ಬುಷ್ ತನ್ನ ತೂಕಕ್ಕೇ ನಿಧಾನವಾಗಿ ಇಳಿಯಬೇಕು, ಆದರೆ ಅಲುಗಿಸಿದರೆ ಲೊಡಲೊಡ ಅನ್ನಬಾರದು ಮೇಸ್ತ್ರಿ" ಎಂದು ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ಮೇಸ್ತ್ರಿ ರೀಮರ್ ಹಾಕಿ ತೂತನ್ನು ನುಣುಪಾಗಿಸಿ, ಒಂದು ತೊಟ್ಟು ಆಯಿಲ್ ಬಿಟ್ಟು, ಪಿನ್ನಿನ ಮೇಲೆ ಬುಷ್ಷನ್ನು ಬಿಟ್ಟು ತೋರಿಸುತ್ತಾರೆ: ಅದು ಎಲ್ಲಿಯೂ ಸಿಕ್ಕಿಕೊಳ್ಳದೆ, ದಡಕ್ಕನೆ ಬೀಳದೆ, ಎಳೆದುಕೊಂಡು ಹೋದಂತೆ ಕೆಳಗಿಳಿದರೆ ಅದೇ ಸರಿಯಾದ ಫಿಟ್. ಬಿಗಿಯಾಗಿರಲಿ ಎಂದು ಹೇಳಿ ಬಂದವರು ಗೇರ್ ಮರಳುತ್ತಿಲ್ಲ ಎಂದು ಆಮೇಲೆ ಎಂಜಿನ್ ಬಿಚ್ಚಿಸುತ್ತಾರೆ.

ಲಿವರ್ ಹಗುರವಾಗಿರಬೇಕು. ಅಂಗಡಿಗಳಲ್ಲಿ ಸಿಗುವ ಭಾರದ ಸ್ಟೀಲ್ ಗುಂಡಿಗಳು ನೋಡಲು ಚೆಂದ, ಆದರೆ ದಿಣ್ಣೆ ಹಾರಿದಾಗ ಆ ತೂಕವೇ ಲಿವರನ್ನು ಆಡಿಸುತ್ತದೆ. ನೈಲಾನ್ ಅಥವಾ ಮರದ ಗುಂಡಿ ಹಾಕಿ. ಲಿವರ್ ನೆಟ್ಟಗೆ ನಿಂತಿರಲಿ. ಒಂದು ಕಡೆಗೆ ವಾಲಿದ್ದರೆ ಅದರ ತೂಕ ಸದಾ ಅದೇ ಕಡೆಗೆ ಎಳೆಯುತ್ತಿರುತ್ತದೆ. ಜಾಗದ ಇಕ್ಕಟ್ಟಿನಿಂದ ವಾಲಿಸಲೇಬೇಕಾದರೆ, ತೂಕವನ್ನು ಸರಿದೂಗಿಸುವಷ್ಟು ಮೆದುವಾದ ಒಂದು ಸ್ಪ್ರಿಂಗನ್ನು ಎದುರು ಬದಿಯಿಂದ ಸಿಕ್ಕಿಸಬೇಕು. ರಾಡ್ ಎಂಡಿನ ಹೊರಬದಿಗೆ ಅದರ ಗುಂಡು ಕೂರುವ ತೂತಿಗಿಂತ ದೊಡ್ಡ ವಾಷರ್ ಹಾಕಿ, ಸುಲಭವಾಗಿ ಸಡಿಲವಾಗದ ನೈಲಾಕ್ ನಟ್ ಬಿಗಿದರೆ, ಬೇರಿಂಗ್ ಸವೆದು ಒಳಗಿನ ಗುಂಡು ಹೊರಬಂದರೂ ರಾಡ್ ಕಳಚಿಕೊಳ್ಳುವುದಿಲ್ಲ.

ತಡೆಬೋಲ್ಟ್

ಕಾಲ ಬೆರಳಿಗಿಂತ ತೋಳಿನ ಬಲ ಬಹಳ ಹೆಚ್ಚು, ಅದರ ಮೇಲೆ ಲಿವರಿನ ಅನುಪಾತವೂ ಸೇರುತ್ತದೆ. ಉತ್ಸಾಹದಲ್ಲಿ ಎಳೆದರೆ ಆ ಬಲವೆಲ್ಲ ಶಾಫ್ಟಿನ ಒಳಗಿನ ತಡೆಪಿನ್ನಿಗೂ ಫೋರ್ಕಿಗೂ ಹೋಗುತ್ತದೆ. ಅದಕ್ಕಾಗಿ ಕೈ ಲಿವರಿನ ಎರಡೂ ಬದಿಗೆ ಚಾಸಿಯಿಂದ ಒಂದೊಂದು ಎಂ8 ಬೋಲ್ಟ್ ಮತ್ತು ಲಾಕ್ ನಟ್ ಹಾಕಬೇಕು. ಚಕ್ರ ತಿರುಗಿಸುತ್ತಾ ಗೇರ್ ಹಾಕಿ, ಅದು ಪೂರ್ತಿ ಬಿದ್ದು ಲಿವರ್ ಒಳಗಿನ ತಡೆಗೆ ಮುಟ್ಟಿದ ಜಾಗದಲ್ಲಿಯೇ ಹಿಡಿದು, ಬೋಲ್ಟನ್ನು ಲಿವರಿಗೆ ತಾಗುವವರೆಗೆ ತಿರುಗಿಸಿ ಲಾಕ್ ಮಾಡಬೇಕು. ಗೇರ್ ಬೀಳುವ ಮೊದಲೇ ಬೋಲ್ಟ್ ತಾಗಿದರೆ ಅರೆಬರೆ ಬಿದ್ದ ಗೇರ್ ಆಕ್ಸಿಲರೇಟರ್ ಕೊಟ್ಟಾಗ ಹೊರಗೆ ಜಿಗಿದು, ಹಲ್ಲುಗಳ ಮೂಲೆಗಳನ್ನು ದುಂಡಗೆ ಮಾಡುತ್ತದೆ. ಎಲ್ಲ ಗೇರುಗಳಲ್ಲಿಯೂ ಪರೀಕ್ಷಿಸಿ, ಹೆಚ್ಚು ಚಲನೆ ಬೇಡುವ ಗೇರಿಗೆ ಹೊಂದಿಸುವುದು ಸರಿಯಾದ ಕ್ರಮ.

ಕೂಡಿಸುವುದು, ಪರೀಕ್ಷಿಸುವುದು

ರಾಡ್ ಜೋಡಿಸುವ ಮೊದಲು ತೋಳನ್ನು ಮಾತ್ರ ಶಾಫ್ಟಿಗೆ ಹಾಕಿ, ಕೈಯಿಂದ ಎರಡೂ ಕಡೆ ಆಡಿಸಿ ಬಿಟ್ಟು, ಅದು ತಾನಾಗಿ ನಿಲ್ಲುವ ಜಾಗವನ್ನು ಎಂಜಿನ್ ಕೇಸಿನ ಮೇಲೆ ಸಣ್ಣ ಗೀರು ಹಾಕಿ ಗುರುತಿಸಬೇಕು. ಇನ್ನು ಮುಂದೆ ಎಲ್ಲ ತೀರ್ಮಾನವೂ ಈ ಗೀರಿನಿಂದಲೇ. ಕೈ ಲಿವರನ್ನು ನೆಟ್ಟಗೆ ನಿಲ್ಲಿಸಿ, ರಾಡಿನ ಉದ್ದವನ್ನು ತಿರುಗಿಸುತ್ತಾ ಬಂದು, ಬೋಲ್ಟ್ ಯಾವ ಕಡೆಗೂ ನೂಕದೆ ತೂತಿನಲ್ಲಿ ಸರಾಗವಾಗಿ ಇಳಿಯುವ ಉದ್ದಕ್ಕೆ ನಿಲ್ಲಿಸಬೇಕು. ಆಮೇಲೆ ಒಂದೊಂದೇ ಗೇರ್ ಹಾಕಿ ಲಿವರನ್ನು ಎರಡು ರೀತಿ ಬಿಡಬೇಕು: ಒಮ್ಮೆ ಫಕ್ಕನೆ, ಇನ್ನೊಮ್ಮೆ ಬೆರಳಿನಲ್ಲಿ ಹಿಡಿದು ತೀರಾ ನಿಧಾನವಾಗಿ. ಫಕ್ಕನೆ ಬಿಟ್ಟಾಗ ವೇಗಕ್ಕೇ ಎಲ್ಲವೂ ಮರಳಿದಂತೆ ಕಾಣುತ್ತದೆ. ನಿಧಾನವಾಗಿ ಬಿಟ್ಟಾಗಲೂ ತೋಳು ಗೀರಿಗೆ ಬಂದು ನಿಂತರೆ ಮಾತ್ರ ಜೋಡಣೆ ಪಾಸು.

ಬಾರದಿದ್ದರೆ ಕೀಲುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ, ಯಾವುದನ್ನು ಬಿಚ್ಚಿದಾಗ ತೋಳು ಮರಳುತ್ತದೋ ಅಲ್ಲಿ ಘರ್ಷಣೆ ಇದೆ ಎಂದು ತಿಳಿಯಬೇಕು. ಒಂದು ಗೇರ್ ಬಿದ್ದು ಮುಂದಿನದು ಬೀಳದೆ, ಲಿವರನ್ನು ಕೈಯಿಂದ ನಡುವಿಗೆ ತಂದ ಮೇಲೆ ಬಿದ್ದರೆ ಅದೂ ಇದೇ ರೋಗ. ಏರುಗೇರ್ ಎಲ್ಲ ಸರಿ, ಇಳಿಯುವಾಗ ಮಾತ್ರ ತಪ್ಪುತ್ತದೆ ಎಂದರೆ ರಾಡಿನ ಉದ್ದವೋ 90 ಡಿಗ್ರಿಯೋ ತಪ್ಪಿದೆ. ಓಡುವಾಗ ಗೇರ್ ಹೊರಗೆ ಜಿಗಿದರೆ ಮೊದಲು ರಾಡನ್ನು ಬಿಚ್ಚಿ, ಮೂಲ ಲಿವರಿನಿಂದ ಅದೇ ಗೇರ್ ಹಾಕಿ, ಸಮತಟ್ಟಾದ ಖಾಲಿ ಜಾಗದಲ್ಲಿ ಓಡಿಸಿ ನೋಡಬೇಕು. ಆಗಲೂ ಜಿಗಿದರೆ ದೋಷ ಪೆಟ್ಟಿಗೆಯೊಳಗಿದೆ.

ನ್ಯೂಟ್ರಲ್ ಒಂದು ಮತ್ತು ಎರಡರ ನಡುವೆ ಅರ್ಧ ಹೆಜ್ಜೆಯಲ್ಲಿ ಇರುವುದರಿಂದ ಕೈ ಲಿವರಿನಲ್ಲಿ ಹುಡುಕುವುದು ಕಷ್ಟ. ಬೈಕಿನ ನ್ಯೂಟ್ರಲ್ ಸ್ವಿಚ್ಚನ್ನು ಉಳಿಸಿಕೊಂಡು ಹಸಿರು ದೀಪವನ್ನು ಡ್ಯಾಶಿನಲ್ಲಿ ಕಣ್ಣೆದುರಿಗೇ ಹಾಕಿ, ಗಾಡಿ ಪೂರ್ತಿ ನಿಲ್ಲುವ ಮೊದಲೇ ಎರಡರಿಂದ ನ್ಯೂಟ್ರಲ್ಲಿಗೆ ಇಳಿಸುವ ಅಭ್ಯಾಸ ಮಾಡಿಕೊಳ್ಳಬೇಕು. ಸ್ಪ್ಲೆಂಡರಿನಲ್ಲಿ ನ್ಯೂಟ್ರಲ್ ಒಂದು ತುದಿಯಲ್ಲಿಯೇ ಇರುವುದರಿಂದ ಈ ಪರದಾಟ ಇಲ್ಲ. ಬೈಕ್ ಎಂಜಿನ್ನಿನಲ್ಲಿ ರಿವರ್ಸ್ ಇರುವುದಿಲ್ಲ. ಬೇರೆ ಪೆಟ್ಟಿಗೆಯಿಂದ ರಿವರ್ಸ್ ತಂದರೆ ಅದರ ಲಿವರ್ ಬೇರೆಯದೇ ಜಾಗದಲ್ಲಿ, ಬೇರೆಯದೇ ಆಕಾರದ ಗುಂಡಿಯೊಂದಿಗೆ, ಎತ್ತಿದರೆ ಮಾತ್ರ ಸರಿಯುವ ಕೊಂಡಿಯೊಂದಿಗೆ ಇರಬೇಕು.

ಮಳೆಗಾಲಕ್ಕೆ

ವರ್ಷಕ್ಕೆ ಏಳು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಆಸುಪಾಸು ಇರಲಿ, ಶಿವಮೊಗ್ಗದ ಕೆಂಪು ಕೆಸರೇ ತೆರೆದ ರಾಡ್ ಎಂಡನ್ನು ತಿನ್ನಲು ಸಾಕು. ರಾಡ್ ಎಂಡುಗಳಿಗೆ ರಬ್ಬರ್ ಬೂಟ್ ಹಾಕಿ, ಸಿಗದಿದ್ದರೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಗ್ರೀಸ್ ತುಂಬಿ ಸುತ್ತಿ ಎರಡು ಕಡೆ ಟೈ ಬಿಗಿಯಿರಿ. ಹೊರಗೆ ಬಳಿದ ಗ್ರೀಸ್ ಮಾತ್ರ ಮಣ್ಣನ್ನು ಹಿಡಿದಿಟ್ಟು ಸಾಣೆ ಹಿಡಿಯುವ ಹಿಟ್ಟಿನಂತಾಗುವುದರಿಂದ ಅದನ್ನು ಒರೆಸಿಬಿಡಬೇಕು. ಪೈಪಿನ ಎರಡೂ ತುದಿ ಮುಚ್ಚಿರಲಿ, ಒಳಗೆ ನೀರು ನಿಂತರೆ ಮರೆಗಳು ತುಕ್ಕು ಹಿಡಿದು ಉದ್ದ ಹೊಂದಿಸಲು ಬರುವುದಿಲ್ಲ. ಎಲ್ಲ ಲಾಕ್ ನಟ್‌ಗಳನ್ನು ಬಿಗಿದ ಮೇಲೆ ನಟ್ ಮತ್ತು ರಾಡಿನ ಮೇಲೆ ಒಂದೇ ಗೆರೆಯಾಗಿ ಬಣ್ಣ ಹಚ್ಚಿಟ್ಟರೆ, ನಟ್ ತಿರುಗಿದೆಯೋ ಇಲ್ಲವೋ ಎಂಬುದು ಸ್ಪ್ಯಾನರ್ ಹಿಡಿಯದೆಯೇ ಗೊತ್ತಾಗುತ್ತದೆ. ಗಾಡಿ ಹೊರಡಿಸುವ ಮೊದಲು ಆ ಗೆರೆಗಳನ್ನೂ ಎಂಜಿನ್ ಕೇಸಿನ ಮೇಲಿನ ಗೀರನ್ನೂ ನೋಡಿಕೊಳ್ಳಬೇಕು. ಮಳೆಗಾಲ ಮುಗಿದ ಮೇಲೆ ರಾಡನ್ನು ಬಿಚ್ಚಿ, ನಿಧಾನವಾಗಿ ಬಿಡುವ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು.